ಗಜೇಂದ್ರಗಡದ ಎರಡೂವರೆ ನಿಮಿಷ

ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ? ಯಾರೋ ಮೇಲಿನವರು ನೋಡಲಿಕ್ಕೆ ಬಂದಿದ್ದಾರೆ ಅಂತ ಒಂದು ದಿನ ಉಸಿರು ಬಿಗಿಹಿಡಿದು, ಊಟ ಬಿಟ್ಟು, ಎಲ್ಲಾ ಸರಿ ಮಾಡಿ ಕೆಲಸ ತೋರಿಸಿದಿರಿ. ಅವರು ನೋಡಿಕೊಂಡು ಹೋದರು. ಆಮೇಲೆ ವರ್ಷವಿಡೀ "ಅವತ್ತು ಆಗಿದ್ದು ಇವತ್ತು ಯಾಕೆ ಆಗೋದಿಲ್ಲ?" ಅಂತ ಅದೇ ಒಂದು ದಿನವನ್ನು ತಂದು ನಿಮ್ಮ ಮುಖಕ್ಕೆ ಹಿಡಿದರು. ಆಗಿದೆಯಾ? ಆಗಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಹಾಗೆ ಸಿಕ್ಕಿಹಾಕಿಕೊಂಡವಳು ನಾನಲ್ಲ. ಆ ಒಂದು ದಿನವನ್ನು ಕಾಗದದ ಮೇಲೆ ಬರೆದು, ಕೆಳಗೆ ಸಹಿ ಮಾಡಿ ಕೊಟ್ಟವಳು ನಾನು.

ಹೋದ ವಾರ ರೋಣದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಗಜೇಂದ್ರಗಡದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ಮುದುಕ ಹೆಸರುಕಾಳಿನ ಚೀಲ ಇಳಿಸಿ ನನ್ನ ಕಾಲ ಹತ್ತಿರವೇ ಇಟ್ಟ. ಚೀಲದ ಬುಡ ತೋಯ್ದಿತ್ತು. ಹಸಿ ಹೆಸರು ಮುಗ್ಗಿದ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಒಗೆದ ಬಟ್ಟೆಯನ್ನು ಎರಡು ದಿನ ಬಕೀಟಿನಲ್ಲೇ ಮರೆತಾಗ ಬರುತ್ತದಲ್ಲ, ಅದಕ್ಕೆ ಮೊಳಕೆಯ ಒಂದು ಕೆಟ್ಟ ಸಿಹಿ ಸೇರಿದ ಹಾಗೆ. ನಾನು ಎದ್ದು ದೂರ ಹೋಗಿ ನಿಂತೆ. ಪಕ್ಕದಲ್ಲಿದ್ದ ಹೆಂಗಸು, "ಯಾಕ್ರೀ, ವಾಂತಿ ಬರಾಕತ್ತೈತೇನ್ರೀ?" ಅಂತ ಕೇಳಿದಳು. "ಇಲ್ಲ ಬಿಡವ್ವಾ," ಅಂದೆ. ಬಸ್ಸು ಬಿಟ್ಟು ಹೋಯಿತು, ವಾಸನೆ ಹೋಗಲಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂದರೆ, ಒಂದು ಖಾಸಗಿ ಗೋದಾಮು ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಗೋದಾಮುಗಳಿವೆ. ರೈತರು ಕಾಳು ತಂದು ಇಡುತ್ತಾರೆ, ನಮ್ಮ ಕೌಂಟರಿನಲ್ಲಿ ರಸೀದಿ ಕೊಡುತ್ತಾರೆ. ಆ ಕೌಂಟರಿನ ಕಂಪ್ಯೂಟರು, ಪ್ರಿಂಟರು, ಇಂಟರ್ನೆಟ್ ಲೈನು, ಅವುಗಳಿಗೆ ಜ್ವರ ಬಂದರೆ ಔಷಧಿ ಹಾಕುವವಳು ನಾನು. ಈಗಲೂ ಅಲ್ಲೇ ಇದ್ದೇನೆ. ಹಾಗಾಗಿ ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ಧೈರ್ಯ ಇಷ್ಟೇ.

ಎರಡು ವರ್ಷದ ಹಿಂದಿನ ಮಾತು. ಕಾರ ಹುಣ್ಣಿಮೆ ಮುಗಿದಿತ್ತು. ಎರೆಹೊಲದಲ್ಲಿ ಹೆಸರು ಮೊಳಕೆಯೊಡೆದು ಸಾಲು ಕಾಣುತ್ತಿತ್ತು. ಹುಬ್ಬಳ್ಳಿಯ ಹೆಡ್ ಆಫೀಸಿನಿಂದ ನಮ್ಮ ಸಾಹೇಬರು ಫೋನ್ ಮಾಡಿದರು.

"ಮೇಡಂ, ಹೆಸರಿನ ಸೀಸನ್ ಬರೂದ್ರೊಳಗ ಮೂರೂ ಕಡೆ ಬೇಸ್‌ಲೈನ್ ತಗೀರಿ. ಒಂದೊಂದ್ ಕಡೆ ಐದೈದ್ ದಿನಾ ಕುಂತು ಅಳೀರಿ."

ಬೇಸ್‌ಲೈನ್ ಅಂದರೆ ಹೆದರಬೇಡಿ, ಸೀದಾ ವಿಷಯ. ಜ್ವರ ಇದೆಯೋ ಇಲ್ಲವೋ ಹೇಳಬೇಕಾದರೆ, ಜ್ವರ ಇಲ್ಲದ ದಿನ ಮೈ ಎಷ್ಟು ಬಿಸಿ ಇರುತ್ತದೆ ಅಂತ ಮೊದಲು ಗೊತ್ತಿರಬೇಕಲ್ಲ? ಹಾಗೇ, ಕೌಂಟರು ಮಾಮೂಲಿ ದಿನದಲ್ಲಿ ಒಂದು ರಸೀದಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಬರೆದಿಡಬೇಕು. ರೈತನ ಹೆಸರು ಟೈಪ್ ಮಾಡಿದ ಕ್ಷಣದಿಂದ ರಸೀದಿ ಹೊರಗೆ ಬರುವ ತನಕ, ನಡುವೆ ತೂಕ, ತೇವ ನೋಡುವುದೂ ಸೇರಿ. ಮುಂದೆ ಆ ಹೊತ್ತು ಹೆಚ್ಚಾದರೆ ಏನೋ ಕೆಟ್ಟಿದೆ ಅಂತ ಲೆಕ್ಕ. ಮಷಿನ್ ಹಳತಾಗಿದೆಯೋ, ಲೈನು ಸಾಲುತ್ತಿಲ್ಲವೋ ನೋಡಿ ಹೊಸದು ಕೊಡುತ್ತಾರೆ. ಮಾಮೂಲಿ ದಿನ ಅನ್ನುವ ಮಾತು ನೆನಪಿಡಿ. ಇಡೀ ವಿದ್ಯೆ ಇರುವುದೇ ಆ ಮಾತಿನಲ್ಲಿ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಲಾರೆ.

ರೋಣದಲ್ಲಿ ಮೊದಲು ಕೂತೆ. ನಾನಿರುವ ಊರು, ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆರು ನಿಮಿಷ ಬಂತು. ಬರೆದೆ.

ಆಮೇಲೆ ನರಗುಂದ. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದ, "ಏನ್ ಅಳೀತೀರ್ರೀ?"

"ರಸೀದಿಗೆ ಎಷ್ಟ್ ಹೊತ್ತ ಹಿಡೀತೈತಿ ಅಂತ."

"ಹಿಡಿಯೂ ಅಷ್ಟ್ ಹಿಡೀತೈತ್ರಿ. ನೀವು ಅಲ್ಲೆ ಫ್ಯಾನಿನ ತೆಳಗ ಕುಂಡ್ರ್ರಿ, ಚಾ ಬರ್ತೈತಿ."

ಚಹಾ ಬರಲಿಲ್ಲ. ಐದು ದಿನ ಅವನು ನನ್ನನ್ನು ಮರೆತೇಬಿಟ್ಟ. ಚಿಕ್ಕನರಗುಂದದ ರೈತನೊಬ್ಬನ ಜತೆ ಮಗನಿಗೆ ಕನ್ಯೆ ನೋಡುವ ಮಾತಾಡುತ್ತ, ನಡುವೆ ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದು, ಒಂದು ರಸೀದಿಗೆ ಹನ್ನೆರಡು ನಿಮಿಷ ತೆಗೆದುಕೊಂಡ. ಸರಾಸರಿ ಒಂಬತ್ತು ಬಂತು. ಬರೆದೆ. ಮನಸ್ಸಿನಲ್ಲಿ ಅವನಿಗೆ ಬೈದುಕೊಂಡೆ. ಆ ಅಲಕ್ಷ್ಯವೇ ಅವನನ್ನು ಉಳಿಸುತ್ತದೆ ಅಂತ ಆಗ ನನಗೆಲ್ಲಿ ಗೊತ್ತು?

ಕೊನೆಗೆ ಗಜೇಂದ್ರಗಡ.

ಗೇಟಿನಲ್ಲಿ ರಂಗೋಲಿ ಹಾಕಿದ್ದರು. ಅಂಗಳ ಕಸ ಹೊಡೆದು ನೀರು ಚಿಮುಕಿಸಿದ್ದರು. ಕೌಂಟರಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ, ಅದರ ತಲೆಯ ಮೇಲೆ ಒಂದು ಚೆಂಡುಹೂವು. ಗೋದಾಮಿನ ಮುಖ್ಯಸ್ಥ ಗಂಗಾಧರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ನನ್ನನ್ನು ತಿಂಗಳಿಗೆರಡು ಸಲ ನೋಡುವವರೇ. ಆದರೆ ಅವತ್ತು ನಾನು ರಿಪೇರಿಗೆ ಬಂದವಳಲ್ಲ, ಹೆಡ್ ಆಫೀಸಿನ ಪರವಾಗಿ ಅಳೆಯಲು ಬಂದವಳು.

"ಬರ್ರಿ ಬರ್ರಿ ಮೇಡಮ್ಮಾರ. ಊಟ ನಮ್ಮ ಮನ್ಯಾಗಿಂದ ಬರ್ತೈತಿ. ಐದೂ ದಿನಾ. ಬ್ಯಾಡ ಅನ್ಬ್ಯಾಡ್ರಿ ಮತ್ತ."

ಅನ್ನಲಿಲ್ಲ. ಮೊದಲ ದಿನವೇ ಹೋಳಿಗೆ, ಕಟ್ಟಿನ ಸಾರು ಬಂತು. ತಿಂದೆ.

ಕೌಂಟರಿನಲ್ಲಿದ್ದವಳು ಕಸ್ತೂರಿ. ನಲವತ್ತರ ಹತ್ತಿರದ ಹೆಂಗಸು, ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಮುಂದುವರಿಸುತ್ತಿದ್ದರು. ಹಾಗೆ ಆರು ವರ್ಷ ಕಳೆದಿದ್ದಳು. ಈ ದೀಪಾವಳಿಗೆ ಕಾಯಂ ಮಾಡುತ್ತೇವೆ ಅಂತ ಹೆಡ್ ಆಫೀಸು ಹೇಳಿತ್ತು, ಫೈಲು ಹುಬ್ಬಳ್ಳಿಗೆ ಹೋಗಿತ್ತು. ಮನೆಯಲ್ಲಿ ಅವಳದ್ದೊಂದೇ ದುಡಿಮೆ. ಗಂಡನಿಗೆ ಬೆನ್ನಿನ ಬೇನೆ, ಮಗಳು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಕಸ್ತೂರಿಯ ಕೈಗೆ ಸುಮ್ಮನೆ ಕೂತು ಗೊತ್ತಿಲ್ಲ. ಆದರೆ ಆ ವಾರ ಅವಳು ಸುಮ್ಮನೆ ಕೂತಿದ್ದಳು. ಗಾಡಿಗಳೇ ಇರಲಿಲ್ಲ. ದಿನಕ್ಕೆ ನಾಲ್ಕೋ ಐದೋ. ಬಂದ ಗಾಡಿಗೆ ಕಣ್ಣು ಮಿಟುಕಿಸುವುದರೊಳಗೆ ರಸೀದಿ. ಎರಡು ನಿಮಿಷ, ಎರಡೂವರೆ, ಮತ್ತೆ ಎರಡೂವರೆ.

ಎರಡು ದಿನ ಖುಷಿಪಟ್ಟೆ. ಮೂರನೆಯ ದಿನ ಎದ್ದು ಹೊರಗೆ ಹೋದೆ. ಪುರ್ತಗೇರಿಯ ಹನಮಪ್ಪ ಅಂತ ಒಬ್ಬ ರೈತ ಕಡಲೆ ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಗೇಟಿನ ಹೊರಗೆ ಜಗಳ ತೆಗೆದಿದ್ದ. ಕಾವಲುಗಾರ ಅವನಿಗೆ ಚಹಾ ಕೊಟ್ಟು ವಾಪಸ್ ಕಳಿಸುವ ಪ್ರಯತ್ನದಲ್ಲಿದ್ದ.

"ಸೋಮವಾರದ ತನಕಾ ಬರಬ್ಯಾಡ್ರಿ ಅಂದ್ರ ಏನ ಅರ್ಥ? ಒಳಗ ಯಾರದರ ಲಗ್ನ ಐತೇನ?" ಅಂತ ಹನಮಪ್ಪ ನನ್ನನ್ನೇ ಕೇಳಿದ. "ಲಗ್ನಿದ್ರ ಹೇಳ್ರಿ, ಊಟಾ ಮಾಡ್ಕೊಂಡ ಹೊಕ್ಕೇನಿ."

ಆಗ ತಿಳಿಯಿತು. ಗಂಗಾಧರಪ್ಪನವರು ಸುತ್ತಲಿನ ಹಳ್ಳಿಗಳಿಗೆಲ್ಲ ಐದು ದಿನ ಬರಬೇಡಿ ಅಂತ ಹೇಳಿಕಳಿಸಿದ್ದರು. ಒಳಗೆ ಬಿಟ್ಟ ನಾಲ್ಕು ಗಾಡಿಗೂ ಗೋದಾಮಿನ ಹಿಂದೆ ಮೊದಲೇ ತೂಕ ಮಾಡಿ, ತೇವ ನೋಡಿ, ಚೀಲ ಎಣಿಸಿ, ಎಲ್ಲಾ ಒಂದು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಕಸ್ತೂರಿ ಬರೀ ಟೈಪ್ ಮಾಡಬೇಕು. ಲೆಕ್ಕದ ಕಂಪ್ಯೂಟರು, ಕ್ಯಾಮೆರಾದ ಕಂಪ್ಯೂಟರು ಎರಡನ್ನೂ ಆರಿಸಿ ಮೇಲೆ ಬಟ್ಟೆ ಹೊದಿಸಿದ್ದರು, ಇರುವ ಒಂದು ಬಡಕಲು ಲೈನು ಪೂರ್ತಿ ಕೌಂಟರಿಗೇ ಸಿಗಲಿ ಅಂತ.

"ಏನ್ರೀ ಇದು?" ಅಂತ ಕೇಳಿದೆ.

ಗಂಗಾಧರಪ್ಪನವರಿಗೆ ಒಂಚೂರೂ ಅಳುಕಿಲ್ಲ. "ಬೀಗರು ಬಂದಾಗ ಹರಕ ಕೌದಿ ಹಾಸ್ತೀರೇನ್ರೀ ಮೇಡಮ್ಮಾರ? ಇದ್ದದ್ರಾಗ ಚಲೋದು ತಗದು ಹಾಸ್ತೀರಿ. ನಮ್ಮ ಗಜೇಂದ್ರಗಡದ ಹೆಸರು ಹುಬ್ಬಳ್ಳ್ಯಾಗ ಕೆಳಗ ಬರಬಾರದ ನೋಡ್ರಿ."

ಈ ಮನುಷ್ಯ ಮೋಸ ಮಾಡಲಿಲ್ಲ, ಇದನ್ನು ನೀವು ನಂಬಬೇಕು. ಮನೆಗೆ ಬಂದವರ ಎದುರು ಮನೆಯ ಮಾಮೂಲಿ ಸ್ಥಿತಿ ತೋರಿಸುವುದು ಅವರ ಪ್ರಕಾರ ಅಮರ್ಯಾದೆ. ಅಳೆಯುವುದಕ್ಕೆ ಬೇಕಾದ್ದೇ ಆ ಹರಕು ಕೌದಿ ಅಂತ ಅವರಿಗೆ ಬಿಡಿಸಿ ಹೇಳಬೇಕಾದವಳು ನಾನು. ಮೂರು ದಿನ ಅವರ ಮನೆಯ ಹೋಳಿಗೆ ತಿಂದ ಬಾಯಿ, ಹೇಳಲಿಲ್ಲ.

ಕೊನೆಯ ದಿನ ಸಂಜೆ ಕಾಗದ ತುಂಬುತ್ತಿದ್ದಾಗ ಕಸ್ತೂರಿ ಬಂದು ಪಕ್ಕದಲ್ಲಿ ನಿಂತಳು.

"ಅಕ್ಕಾರ, ಇದನ್ನ ಬರೀಬ್ಯಾಡ್ರಿ."

"ಯಾಕ?"

"ಇದು ನಾ ಅಲ್ರೀ. ಗದ್ದಲ ಇದ್ದಾಗ ಬಂದ್ ನೋಡ್ರಿ ನನ್ನ. ಮಳಿ ಬಿದ್ದಾಗ ಬರ್ರಿ."

"ಹುಚ್ಚಿ, ಚಲೋ ನಂಬರ್ ಬಂದ್ರ ನಿನಗ ಚಲೋ ಅಲ್ಲೇನ? ಕಾಯಂ ಮಾಡೂ ಮುಂದ ಇದನ್ನ ನೋಡ್ತಾರ."

"ಹಂಗಂತೀರಾ?" ಅಂದಳು. ಬರೆದೆ. ಎರಡೂವರೆ ನಿಮಿಷ. ಸಹಿ ಮಾಡಿದೆ.

ಅವಳಿಗೆ ಒಳ್ಳೆಯದಾಗಲಿ ಅಂತ ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಾಗಲಕೋಟೆ ಕಡೆಯ ಗೋದಾಮುಗಳನ್ನೂ ನನ್ನ ಕೈಗೆ ಕೊಡುವ ಮಾತು ನಡೆದಿತ್ತು. ನಾನು ನೋಡಿಕೊಳ್ಳುವ ಮೂರರಲ್ಲಿ ಒಂದಾದರೂ ಮಿಂಚಬೇಕಿತ್ತು. ಇಷ್ಟೇ ವಿಷಯ.

ಹೆಸರುಕಾಳಿನ ಸುಗ್ಗಿ ಬಂತು. ನಮ್ಮ ಕಡೆ ಹೆಸರು ಬರುವುದೂ ಮಳೆ ಕೆಡುವುದೂ ಒಂದೇ ಹೊತ್ತಿಗೆ. ಕಾಯಿ ಕಿತ್ತು ರಾಶಿ ಮಾಡಿ ಒಣಗಿಸುವಷ್ಟರಲ್ಲಿ ಗುಡ್ಡದ ಕಡೆಯಿಂದ ಮೋಡ ಹತ್ತುತ್ತದೆ. ಆ ವರ್ಷ ಹನ್ನೊಂದು ದಿನ ಬಿಸಿಲೇ ಕಾಣಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಮೋಡದೊಳಗೆ ಅರ್ಧ ಮುಳುಗಿ ತಿರುಗುತ್ತಿದ್ದವು. ಗಜೇಂದ್ರಗಡದ ಗೋದಾಮಿನ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದು, ರಸ್ತೆ ದಾಟಿ, ಆಚೆಯ ಪೆಟ್ರೋಲ್ ಬಂಕಿನ ತನಕ ಹೋಯಿತು. ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡು ಎಲ್ಲರೂ ಎರಡಿಂಚು ಎತ್ತರ ಆಗಿದ್ದರು. ಗುಡುಗಿದರೆ ಸಾಕು, ಲೈನು ಹೋಗುತ್ತಿತ್ತು.

ಹುಬ್ಬಳ್ಳಿಯಲ್ಲಿ ಸಾಹೇಬರ ಗೋಡೆಯ ಮೇಲೆ ಒಂದು ಪರದೆ. ಪ್ರತಿ ಕೌಂಟರೂ ತನ್ನ ಬೇಸ್‌ಲೈನಿಗೆ ಹತ್ತಿರವಿದ್ದರೆ ಹಸಿರು, ಸ್ವಲ್ಪ ದೂರ ಹೋದರೆ ಹಳದಿ, ಬಹಳ ದೂರ ಹೋದರೆ ಕೆಂಪು. ನರಗುಂದದ ಗುಮಾಸ್ತ ಸೀಸನ್ನಿನಲ್ಲೂ ಕನ್ಯೆಯ ಮಾತಾಡುತ್ತ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ಅವನ ಮಾಮೂಲೇ ಒಂಬತ್ತು, ಹಾಗಾಗಿ ಹಸಿರು. ಕಸ್ತೂರಿ ಆ ಮಳೆಯಲ್ಲಿ, ಆ ಸಾಲಿನ ಎದುರು, ಹೋಗಿಬರುವ ಲೈನಿನ ಜತೆ ಗುದ್ದಾಡುತ್ತ ಏಳು ನಿಮಿಷಕ್ಕೆ ಒಂದು ರಸೀದಿ ಕೊಡುತ್ತಿದ್ದಳು. ಬೆಳಗಿನಿಂದ ಸಂಜೆಯ ತನಕ ಕೆಂಪು. ಇನ್ನೂ ಕೇಳಿ: ಆ ತಿಂಗಳು ಬಂದ ಹೊಸ ಮಷಿನ್, ಹೊಸ ಲೈನು ನರಗುಂದಕ್ಕೆ ಹೋದವು, ಅಲ್ಲಿನ ಮಾಮೂಲೇ ಬಹಳ ನಿಧಾನವಂತೆ. ಎರಡೂವರೆ ನಿಮಿಷದ ಗಜೇಂದ್ರಗಡಕ್ಕೆ ಹೊಸದು ಯಾಕೆ ಬೇಕು?

ಸಾಹೇಬರು ವಿಡಿಯೋ ಕಾಲಿನಲ್ಲಿ ನನ್ನನ್ನು ಹಿಡಿದರು.

"ಮೇಡಂ, ಮಷಿನ್ ಅದ ಐತಿ. ಲೈನ್ ಅದ ಐತಿ. ಸಾಫ್ಟ್‌ವೇರ್ ಅದ ಐತಿ. ಆಗ ಎರಡೂವರಿ, ಈಗ ಏಳು. ಅಂದ ಮ್ಯಾಲ ಕೆಟ್ಟದ್ದು ಏನು? ಮಷಿನ್ ಮುಂದ ಕುಂತಾರಲ್ಲ, ಅವರ."

"ಸರ್, ಮಳಿ ಐತ್ರಿ. ಗದ್ದಲ ಐತ್ರಿ."

"ನರಗುಂದದಾಗ ಮಳಿ ಇಲ್ಲೇನ್ರೀ? ಅದು ಹಸಿರ ಐತಲ್ಲ."

"ಆ ವಾರದ ಲೆಕ್ಕ ಸ್ವಲ್ಪ ಹಂಗ ಹಿಂಗ ಇತ್ರಿ ಸರ್…"

"ಹಂಗ ಹಿಂಗ ಅಂದ್ರ? ತಪ್ಪೈತೇನು? ತಪ್ಪಿದ್ರ ಒಂದ್ ಮೇಲ್ ಹಾಕ್ರಿ. 'ನಾ ಕೊಟ್ಟ ಬೇಸ್‌ಲೈನ್ ತಪ್ಪೈತಿ' ಅಂತ ಬರೀರಿ. ಇವತ್ತ ತಿದ್ದೋಣು."

ನ್ಯಾಯವಾಗಿ ಕೇಳಿದರು, ಅವರನ್ನು ಯಾಕೆ ಬೈಯಲಿ? ಮೇಲ್ ಬರೆದೆ. ನಾಲ್ಕು ಸಾಲು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ತಪ್ಪು ಅಳತೆ ಕೊಟ್ಟವಳು ಅಂತ ಒಮ್ಮೆ ಹೆಸರು ಬಂದರೆ ನನಗೆ ಮುಂದೆ ಅಳೆಯಲು ಯಾರು ಕೊಡುತ್ತಾರೆ? ಮೇಲ್ ಕಳಿಸಲಿಲ್ಲ. ಮರುದಿನ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋದೆ. ನನ್ನ ತಪ್ಪು ತಿದ್ದುವ ಬದಲು ಕಸ್ತೂರಿಯನ್ನು ತಿದ್ದಲು.

ಕೌಂಟರಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕಸ್ತೂರಿ ಸೆರಗು ಬಿಗಿದು ಕಟ್ಟಿ, ಕೈಯಲ್ಲಿ ಚೀಲಕ್ಕೆ ಚುಚ್ಚುವ ಕಬ್ಬಿಣದ ಕೊಳವೆ ಹಿಡಿದು ನಿಂತಿದ್ದಳು. ಗಾಡಿಯಿಂದ ಒಂದು ಚೀಲ ಇಳಿಸಿ, ಮೇಲೆ ಒಮ್ಮೆ, ನಡುವೆ ಒಮ್ಮೆ, ಬುಡದಲ್ಲಿ ಒಮ್ಮೆ ಚುಚ್ಚಿ ಕಾಳು ತೆಗೆದು, ಮೂರನ್ನೂ ಬೇರೆ ಬೇರೆಯಾಗಿ ತೇವ ನೋಡುವ ಮಷಿನ್ನಿಗೆ ಹಾಕುತ್ತಿದ್ದಳು. ತೇವ ಹೆಚ್ಚಿದ್ದರೆ, "ಕಾಕಾ, ಇನ್ನೂ ಎರಡ ದಿನಾ ಆರಸ್ರಿ, ಹೊರಗ ಶೆಡ್ಡಿನ್ಯಾಗ ಹರವ್ರಿ," ಅಂತ ಕಳಿಸುತ್ತಿದ್ದಳು. ಅವರು ಬೈಯುತ್ತಿದ್ದರು. ಅವಳು ಬೈಸಿಕೊಂಡು ಮುಂದಿನ ಚೀಲಕ್ಕೆ ಚುಚ್ಚುತ್ತಿದ್ದಳು. ಏಳು ನಿಮಿಷದಲ್ಲಿ ನಾಲ್ಕೂವರೆ ನಿಮಿಷ ಹೋಗುತ್ತಿದ್ದದ್ದು ಅಲ್ಲೇ.

ಅವಳನ್ನು ಬದಿಗೆ ಕರೆದೆ. "ಮೂರ ಸಲ ಯಾಕ ಚುಚ್ಚತಿ? ಒಂದ ಸಲ ನೋಡಿದ್ರ ಆಗೂದಿಲ್ಲೇನ?"

"ಅಕ್ಕಾರ, ಮ್ಯಾಲಿನ ಕಾಳ ಗಾಳಿಗೆ ಆರಿರ್ತಾವ್ರಿ. ಬುಡದಾಗ ಕೈ ಹಾಕಿ ನೋಡ್ರಿ ಬೇಕಾದ್ರ."

ಕೈ ಹಾಕಿದೆ. ಬುಡದ ಕಾಳು ತಣ್ಣಗೆ ಬೆರಳಿಗೆ ಅಂಟಿಕೊಂಡವು. ಗೊತ್ತಾಯಿತು. ಗೊತ್ತಾದ ಮೇಲೂ ಹೇಳಿದೆ:

"ಕಸ್ತೂರಿ, ನಿನ್ನ ಫೈಲು ಸಾಹೇಬರ ಟೇಬಲ್ ಮ್ಯಾಲ ಐತಿ. ದಿನಾ ಕೆಂಪು ನೋಡ್ಕೋತ ಕುಂತಾರ. ಒಂದ ಸಲ ಚುಚ್ಚು, ಬರಿ, ಕಳಸು. ಹದಿನೈದ ದಿನದ ಮಾತು."

"ಒಳಗ ಹಸೀ ಕಾಳ ಹೋದ್ರ?"

"ಒಂದೀಟು ಹೋದ್ರ ಏನೂ ಆಗೂದಿಲ್ಲ."

ಅವಳು ಕೊಳವೆಯನ್ನು ಸೆರಗಿನಿಂದ ಒರೆಸಿದಳು. "ನೀವು ಹೇಳ್ತೀರಂತ ಮಾಡ್ತೇನ್ರಿ."

"ಹೂಂ. ನಾ ಹೇಳ್ತೇನಿ."

ವಾರದೊಳಗೆ ಏಳು ನಿಮಿಷ ನಾಲ್ಕಾಯಿತು. ಪರದೆ ಹಳದಿಗೆ ಬಂತು. ಸಾಲು ಚಿಕ್ಕದಾಯಿತು, ರೈತರೂ ಖುಷಿ. ಸಾಹೇಬರು ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರು. ನಾನು ಕೈಮುಗಿಯುವ ಚಿತ್ರ ಕಳಿಸಿದೆ.

ಮಹಾನವಮಿ ಮುಗಿದು ನಾಲ್ಕು ದಿನಕ್ಕೆ ಗಜೇಂದ್ರಗಡದಲ್ಲಿ ಎರಡನೆಯ ಗೋದಾಮಿನ ಬಾಗಿಲು ತೆಗೆದ ಹಮಾಲರು ಮೂಗು ಮುಚ್ಚಿಕೊಂಡು ಹೊರಗೆ ಬಂದರಂತೆ. ಫೋನ್ ಬಂದಾಗ ರೋಣದಲ್ಲಿದ್ದೆ. ಹೋಗುವಷ್ಟರಲ್ಲಿ ಚೀಲಗಳನ್ನು ಅಂಗಳಕ್ಕೆ ಎಳೆದು ಹಾಕಿದ್ದರು. ಹಸಿ ಕಾಳು ಒಳಗೆ ಕಾವು ಹಿಡಿದು ಅಕ್ಕಪಕ್ಕದ ಒಣ ಚೀಲಗಳನ್ನೂ ಕೆಡಿಸಿತ್ತು. ಒಬ್ಬ ಹಮಾಲ ಚೀಲದೊಳಗೆ ಕೈ ಹಾಕಿ ತಟ್ಟನೆ ಹಿಂದಕ್ಕೆ ಎಳೆದುಕೊಂಡ. ಬಿಸಿ. ಕಾಳಿನ ಮೇಲೆ ಬಿಳಿ ಬೂಸು, ಕೆಲವು ಮೊಳಕೆ ಬಿಟ್ಟು ಅಲ್ಲೇ ಕೊಳೆತಿದ್ದವು. ಆ ವಾಸನೆ ಊರ ಬಸ್ ಸ್ಟ್ಯಾಂಡಿನ ತನಕ ಹೋಗಿತ್ತು.

ಪುರ್ತಗೇರಿ ಹನಮಪ್ಪ ತನ್ನ ಚೀಲಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನು ಬಿಸಿಲು ಬಂದ ಮೇಲೆ ಡಾಂಬರು ರಸ್ತೆಯ ಮೇಲೆ ಮೂರು ದಿನ ಹರವಿ, ಮೋಡ ಬಂದಾಗಲೆಲ್ಲ ಹೆಂಡತಿಯ ಜತೆ ಓಡಿ ಬಳಿದು, ಖಡಕ್ಕಾಗಿ ಒಣಗಿಸಿ ತಂದಿದ್ದ. "ನನ್ನೂ ಒಣಾ ಕಾಳ್ರೀ ಮೇಡಮ್ಮಾರ," ಅಂದ. "ಯಾರ ಪಕ್ಕಕ್ಕ ಇಟ್ರಿ ನನ್ನ ಚೀಲಾ?" ಕಂಪನಿ ಆಮೇಲೆ ರೈತರಿಗೆ ಏನೋ ಪರಿಹಾರ ಕೊಟ್ಟು ಸಮಾಧಾನ ಮಾಡಿತು.

ಸಾಹೇಬರು ತಾವೇ ಕಾರು ಮಾಡಿಕೊಂಡು ಬಂದರು. ಒಂದು ಕೋಣೆ, ನಾಲ್ಕು ಕುರ್ಚಿ. ಸಾಹೇಬರು, ಗಂಗಾಧರಪ್ಪನವರು, ನಾನು, ಕಸ್ತೂರಿ. ಅವಳು ಕೂರಲಿಲ್ಲ, ನಿಂತೇ ಇದ್ದಳು.

"ಮೂರ ಸ್ಯಾಂಪಲ್ ನೋಡ್ಬೇಕಂತ ನಿಯಮ ಐತಿ. ಒಂದ ಯಾಕ ನೋಡಿದ್ರಿ?"

"ಅಕ್ಕಾರ ಹೇಳಿದ್ರ್ರೀ ಸರ್."

ಸಾಹೇಬರು ನನ್ನ ಕಡೆ ತಿರುಗಿದರು. "ಹೌದೇನ್ರೀ ಮೇಡಂ?"

ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಲಗೂ ಮಾಡು ಅಂದಿದ್ನಿರಿ ಸರ್. ನಿಯಮ ಬಿಡು ಅಂತ ನಾ ಎಲ್ಲೂ ಬರದು ಕೊಟ್ಟಿಲ್ಲ."

ಬರೆದು ಕೊಟ್ಟಿರಲಿಲ್ಲ. ಅದಷ್ಟು ನಿಜ.

ಗಂಗಾಧರಪ್ಪನವರು ಗಂಟಲು ಸರಿಮಾಡಿಕೊಂಡರು. "ಸರ್, ಅವತ್ತ ಅಳೀಲಿಕ್ಕೆ ಬಂದಾಗ ನಾವು ಮರ್ಯಾದಿ ಸಲುವಾಗಿ…" ಅಂದವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಮುಂದೆ ಮಾತಾಡಲಿಲ್ಲ. ಅವರಿಗೆ ಪಿಂಚಣಿ, ನನಗೆ ಬಾಗಲಕೋಟೆ. ಕಸ್ತೂರಿ ಕಾದಳು. ಬಹಳ ಹೊತ್ತೇನಲ್ಲ, ಇಬ್ಬರಲ್ಲಿ ಒಬ್ಬರು ಬಾಯಿ ತೆಗೆಯಲು ಸಾಕಾಗುವಷ್ಟು ಹೊತ್ತು. ಯಾರೂ ತೆಗೆಯದಿದ್ದಾಗ ಸಾಹೇಬರಿಗೆ, "ನಾ ಹೋಗ್ಲೇನ್ರಿ? ಹೊರಗ ಎರಡ ಗಾಡಿ ನಿಂತಾವು," ಅಂದಳು. ಹೋದಳು. ಕಿಟಕಿಯಲ್ಲಿ ಕಾಣುತ್ತಿತ್ತು. ಮೇಲೆ ಒಮ್ಮೆ, ನಡುವೆ ಒಮ್ಮೆ, ಬುಡದಲ್ಲಿ ಒಮ್ಮೆ ಚುಚ್ಚಿ ನೋಡಿ, ರಸೀದಿ ಕೊಟ್ಟು ಕಳಿಸಿದಳು.

ದೀಪಾವಳಿಗೆ ಕಾಯಂ ಆಗಲಿಲ್ಲ. ಗುತ್ತಿಗೆಯನ್ನೂ ಮುಂದುವರಿಸಲಿಲ್ಲ. ಕಾರಣದ ಜಾಗದಲ್ಲಿ ಎರಡು ಸಾಲು: ಬೇಸ್‌ಲೈನಿಗೆ ಹೋಲಿಸಿದರೆ ನಿಧಾನ; ನಿಯಮ ಪಾಲನೆಯಲ್ಲಿ ಲೋಪ. ನಿಧಾನ ಅಂತಲೂ ಬರೆದರು, ಅವಸರ ಮಾಡಿದಳು ಅಂತಲೂ ಬರೆದರು. ಎರಡೂ ಒಬ್ಬಳ ಮೇಲೇ. ಯಾರಿಗೂ ನಗು ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗಜೇಂದ್ರಗಡಕ್ಕೂ ಹೊಸ ಮಷಿನ್, ಹೊಸ ಲೈನು ಬಂದವು. ಹೊಸದು ಬಂದರೆ ಬೇಸ್‌ಲೈನನ್ನೂ ಹೊಸದಾಗಿ ತೆಗೆಯಬೇಕು. ಮತ್ತೆ ನಾನೇ. ಈ ಸಲ ಗಂಗಾಧರಪ್ಪನವರಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ, ಏನೂ ಹಾಸಬೇಡಿ, ಏನೂ ಮುಚ್ಚಬೇಡಿ. ಕಡಲೆಯ ಗದ್ದಲದ ನಡುವೆಯೇ ಐದು ದಿನ ಬುತ್ತಿ ಕಟ್ಟಿಕೊಂಡು ಹೋಗಿ ಕೂತೆ. ಹೊಸದಾಗಿ ಬಂದ ಆಪರೇಟರು ಸಾಧಾರಣ ಮನುಷ್ಯ, ಸಾಧಾರಣ ಕೆಲಸ. ಎಂಟೂವರೆ ನಿಮಿಷ ಬಂತು. ಹಾಗೇ ಬರೆದೆ. ಸಾಹೇಬರು ಒಂದು ಮಾತೂ ಕೇಳದೆ ಒಪ್ಪಿದರು. ಅವತ್ತಿನಿಂದ ಇವತ್ತಿನ ತನಕ ಗಜೇಂದ್ರಗಡ ಹಸಿರು.

ಎಂಟೂವರೆ. ಕಸ್ತೂರಿ ಹಳೆಯ ಮಷಿನ್ನಿನಲ್ಲಿ, ಮಳೆಯಲ್ಲಿ, ಮೂರು ಸಲ ಚುಚ್ಚಿ ನೋಡಿ ಏಳರಲ್ಲಿ ಮುಗಿಸುತ್ತಿದ್ದಳು.

ಬಾಗಲಕೋಟೆ ನನಗೇ ಸಿಕ್ಕಿತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಬರೆದೂ ಪ್ರಯೋಜನವಿಲ್ಲ.

ಯುಗಾದಿಯ ಮುಂಚೆ ಕಸ್ತೂರಿ ಗಜೇಂದ್ರಗಡದಲ್ಲೇ ಒಂದು ಸೀರೆ ಅಂಗಡಿಯಲ್ಲಿದ್ದಾಳೆ ಅಂತ ತಿಳಿಯಿತು. ಮಗಳ ನರ್ಸಿಂಗ್ ಒಂದು ವರ್ಷ ನಿಂತಿದೆ ಅಂತಲೂ ತಿಳಿಯಿತು. ನನಗೆ ಸೀರೆ ಬೇಕಿರಲಿಲ್ಲ. ಹೋದೆ. ನನ್ನನ್ನು ನೋಡಿ ಅವಳ ಮುಖವೇನೂ ಬದಲಾಗಲಿಲ್ಲ.

"ಬರ್ರಿ ಅಕ್ಕಾರ. ಕುಂಡ್ರ್ರಿ. ಯಾವ ನಮೂನಿ ತೋರಸ್ಲಿ?"

ಎರಡು ಸೀರೆ ತೆಗೆದು ಹಾಸಿದಳು. ನಾನು ಅಂಚು ಹಿಡಿದು ನೋಡುವ ಹಾಗೆ ಮಾಡಿದೆ. ಅವಳೇ ಕೇಳಿದಳು.

"ಹೊಸ ಮಷಿನ್ ಬಂತಂತಲ್ರೀ. ಮತ್ತ ಅಳದ್ರೇನ?"

"ಹೂಂ."

"ಎಷ್ಟ ಬರದ್ರಿ ಈ ಸಲ?"

ಸುಳ್ಳು ಹೇಳಬಹುದಿತ್ತು. "ಎಂಟೂವರಿ," ಅಂದೆ.

ಅವಳು ಕೈಯಲ್ಲಿದ್ದ ಸೀರೆಯ ಮಡಿಕೆ ನಿಲ್ಲಿಸಿ ನನ್ನನ್ನು ನೋಡಿದಳು. ಲೆಕ್ಕ ಅವಳಿಗೆ ನನಗಿಂತ ಬೇಗ ಆಯಿತು. ನಕ್ಕಳು. ಸಿಟ್ಟಿನ ನಗುವಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪರೀಕ್ಷೆಯ ಫಲಿತಾಂಶ ತಡವಾಗಿ ಕೈಗೆ ಬಂದವರು ನಗುತ್ತಾರಲ್ಲ, ಹಾಗೆ.

"ಹಂಗಾದ್ರ ನಾ ಪಾಸ್ ಆಗಿದ್ನೆಲ್ರೀ ಅಕ್ಕಾರ," ಅಂದಳು.

ಆಮೇಲೆ ಪಕ್ಕದ ಗಿರಾಕಿಯ ಕಡೆ ತಿರುಗಿ, "ನಿಮಗ ಯಾವ ಬಣ್ಣ ಬೇಕ್ರೀ?" ಅಂತ ಕೇಳಿದಳು.

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳಿದ್ದೇನೆ. ಈಗ ನೀವು ಬರೆಯಿರಿ. ಯಾವ ಆಫೀಸು, ಯಾವ ಅಂಗಡಿ, ಯಾವ ಶಾಲೆಯಾದರೂ ಸರಿ, ನಿಮ್ಮ ಒಂದು ಒಳ್ಳೆಯ ದಿನವನ್ನೇ ಕೋಲು ಮಾಡಿಕೊಂಡು ನಿಮಗೆ ಹೊಡೆದಿದ್ದರೆ ಕೆಳಗೆ ಬರೆಯಿರಿ. ನೀವು ಬಹಳ ಜನ ಇರುತ್ತೀರಿ ಅಂತ ಗೊತ್ತು. ಆದರೆ ನನಗೆ ಇನ್ನೊಂದು ಥರದವರ ಕಥೆಯೂ ಬೇಕು. ಅಳೆದು ಕೊಟ್ಟವರು, ತಪ್ಪು ಅಂತ ಗೊತ್ತಿದ್ದೇ ಸಹಿ ಮಾಡಿದವರು, ಕೋಣೆಯೊಳಗೆ ಒಬ್ಬರು ತಮ್ಮ ಮುಖ ನೋಡುತ್ತ ಕಾದಾಗ ಬಾಯಿ ಮುಚ್ಚಿಕೊಂಡು ಕೂತವರು. ಹೆಸರು ಹಾಕದಿದ್ದರೂ ನಡೆಯುತ್ತದೆ. ನಾನೊಬ್ಬಳೇ ಇರಲಾರೆ.